ಎರಡು ಚಾಕಲೇಟು, ಒಂದು ಮುರಿದ ತೋಳು

ನಾಲ್ಕು ಸಂಸ್ಥಾನಗಳು ಸೇರಿ ನೇಮಿಸಿದ ಮಾನ್ಯ ಪೋಷಣಾಧಿಕಾರಿಗಳೇ,

ಬರುವ ಸೋಮವಾರ ಲೋಕಾಪುರದಲ್ಲಿ ನೀವು ನಡೆಸಲು ಹೊರಟಿರುವ ಚಾಕಲೇಟಿನ ಕುಸ್ತಿ ನಿಲ್ಲಬೇಕು. ನಿಲ್ಲದಿದ್ದರೆ ನನ್ನ ಮಗ ವೃಷಭ ಆ ಕಣಕ್ಕಿಳಿದು ತನ್ನ ಬಲಗೈಯನ್ನು ಬೇಕೆಂದೇ ಮುರಿಸಿಕೊಳ್ಳುತ್ತಾನೆ. ಇದನ್ನು ಅವನು ಕುಡಿದ ಮತ್ತಿನಲ್ಲಿ ಹೇಳಿದ್ದಲ್ಲ, ಸಿಟ್ಟಿನಲ್ಲಿ ಹೇಳಿದ್ದೂ ಅಲ್ಲ. ತಾಯಿಯ ಎದುರು ನಿಂತು, ನಾಳೆ ಹೊಲಕ್ಕೆ ಹೋಗುತ್ತೇನೆ ಎನ್ನುವ ಹಾಗೆ ಹೇಳಿದ. ಯಾಕೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ, ಕಚೇರಿಯ ಮೆಟ್ಟಿಲು ಹತ್ತಿದರೆ ಸಾಹೇಬರು ಸ್ನಾನದಲ್ಲಿದ್ದಾರೆ ಎಂದರು. ಮಧ್ಯಾಹ್ನ ಹೋದರೂ ಸ್ನಾನ, ಸಂಜೆ ಹೋದರೂ ಸ್ನಾನ. ಅಷ್ಟು ತೊಳೆದರೂ ಹೋಗದಂಥದ್ದು ನಿಮ್ಮ ಕೈಗೆ ಏನು ಹತ್ತಿದೆ ಎಂಬುದನ್ನು ಈಗ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ತೇರದಾಳದಲ್ಲಿ ಬೆಲ್ಲ, ಶೇಂಗಾ ಮಾರುವ ಜೈನ. ದೀಪಕ್ಕೆ ಬಂದ ಹುಳ ಅನ್ನದಲ್ಲಿ ಬಿದ್ದು ಸಾಯಬಾರದೆಂದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ನಮ್ಮದು. ಬೆಲ್ಲದ ಪೆಂಟೆಗೆ ಇರುವೆ ಮುತ್ತಿದರೆ ಉಫ್ ಎಂದು ಊದಿ ಕಳಿಸುತ್ತೇನೆಯೇ ಹೊರತು ಒರೆಸುವುದಿಲ್ಲ. ಅಂಥ ನಾನು ಈಗ ದಿನಾ ಬೆಳಿಗ್ಗೆ ಬಸದಿಯಲ್ಲಿ ಕೈ ಮುಗಿದು ನಿಂತು ಏನು ಯೋಚಿಸುತ್ತೇನೆ ಬಲ್ಲಿರಾ? ನಿಮ್ಮ ಮುಂಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿ, ಲಟ್ಟೆಂದು ಸಪ್ಪಳ ಬರುವವರೆಗೆ ಒತ್ತಬೇಕೆಂದು ಯೋಚಿಸುತ್ತೇನೆ. ನೀವು ಕೂಗುವುದನ್ನು ಕೇಳಬೇಕೆಂದು ಯೋಚಿಸುತ್ತೇನೆ. ಕಣ್ಣು ತೆರೆದರೆ ಎದುರಿಗೆ ಶಾಂತವಾಗಿ ನಿಂತ ಜಿನಬಿಂಬ. ನಾಚಿಕೆಯಾಗುತ್ತದೆ, ಆದರೂ ಮರುದಿನ ಮತ್ತೆ ಅದೇ ಯೋಚನೆ. ಐವತ್ತು ದಾಟಿದ ಮನುಷ್ಯನ ಪೂಜೆಯನ್ನೂ ಕೆಡಿಸಿದಿರಿ.

ಮೊದಲಿನಿಂದ ಹೇಳುತ್ತೇನೆ. ದೊರೆಗಳ ಹುಟ್ಟುಹಬ್ಬಕ್ಕೆ ಸಾಲೆಯ ಮಕ್ಕಳಿಗೆ ಪೇಢೆ ಹಂಚುವುದು ನಮ್ಮ ಕಡೆ ನಡೆದು ಬಂದದ್ದು. ಪೇಢೆ ಹಳೆಯ ಕಾಲದ್ದಾಯಿತು, ಇನ್ನು ಮೇಲೆ ಪೌಷ್ಟಿಕವಾದ ಚಾಕಲೇಟು ಹಂಚತಕ್ಕದ್ದು ಎಂದು ನೀವು ಅಪ್ಪಣೆ ಹೊರಡಿಸಿದಿರಿ. ಹಂಚಿರಿ, ಯಾರು ಬೇಡವೆಂದರು? ಬೆಳ್ಳಿ ಕಾಗದ ಸುತ್ತಿದ ವಿಲಾಯಿತಿ ಹಾಲಿನ ಚಾಕಲೇಟು ಮುಂಬಯಿಯಿಂದ ಬಂತು. ಹಳದಿ ಕಾಗದದ ಶೇಂಗಾ ಚಾಕಲೇಟು ಪುಣೆಯಿಂದ ಬಂತು. ಎರಡರಲ್ಲಿ ಹೆಚ್ಚು ಪೌಷ್ಟಿಕವಾದದ್ದನ್ನೇ ಕೊಳ್ಳುವುದಾಗಿ ಡಂಗುರ ಸಾರಿಸಿ, ಎರಡನ್ನೂ ಪರೀಕ್ಷೆಗೆ ಕಳಿಸಿ, ಬಂದ ಫಲವನ್ನು ಚಾವಡಿಯ ಗೋಡೆಗೆ ಅಂಟಿಸಿದಿರಿ. ನಾನೂ ಓದಿದೆ. ತೂಕಕ್ಕೆ ತೂಕ ಇಟ್ಟರೆ ಎರಡರ ಕ್ಯಾಲರಿಯೂ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಅರ್ಧದಷ್ಟು ಬರೀ ಸಕ್ಕರೆ. ಹಾಲಿನದರಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ ತುಸು ಜಾಸ್ತಿ, ಶೇಂಗಾದ್ದರಲ್ಲಿ ಮೈ ಬೆಳೆಸುವ ಅಂಶ ತುಸು ಜಾಸ್ತಿ. ಜಿಡ್ಡು ಎರಡರಲ್ಲೂ ಬೇಕಾದಷ್ಟು. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ ಶಾಂತವ್ವ ನಕ್ಕಳು. “ಎರಡೂ ಅಕ್ಕ ತಂಗಿ ಇದ್ದಾಂಗ ಅದಾವಲ್ರಿ. ಹುಡುಗೂರು ಹೊಟ್ಟಿ ತುಂಬ ಉಂಡಮ್ಯಾಲ ಯಾವದರ ಒಂದ ತುಂಡ ತಿಂದು ಆಡಾಕ ಹೋಗ್ತಾವ. ಇದಕ್ಕ ಪರೀಕ್ಷಾ ಯಾಕ ಬೇಕಿತ್ತು?” ಎಂದಳು. ಅಲ್ಲಿಗೇ ಮುಗಿಯಬೇಕಾದ ಮಾತು.

ಆದರೆ ಎರಡೂ ಸಮ ಎಂದು ಬರೆದು ಸಹಿ ಹಾಕಿದರೆ ಅಧಿಕಾರಿಯ ಗತ್ತು ಎಲ್ಲಿ ಉಳಿಯುತ್ತದೆ? ಎರಡೂ ಕಂಪನಿಯ ಏಜಂಟರು ನಿಮ್ಮ ಜಗಲಿಯ ಮೇಲೆ ಹಲ್ಲು ಕಿರಿಯುತ್ತ ಕೂತಿದ್ದರು. ಆಗ ನಿಮ್ಮ ತಲೆಯಲ್ಲಿ ಹೊಳೆಯಿತು ನೋಡಿ ಆ ಮಹಾ ಯೋಚನೆ. ಕಾಗದದ ಮೇಲೆ ಇತ್ಯರ್ಥವಾಗದ್ದನ್ನು ಮನುಷ್ಯರ ಮೈಮೇಲೆ ಇತ್ಯರ್ಥ ಮಾಡೋಣ! ಇಬ್ಬರು ಪೈಲವಾನರನ್ನು ಹಿಡಿಯುವುದು, ಒಬ್ಬನಿಗೆ ಬರೀ ಹಾಲಿನ ಚಾಕಲೇಟು, ಇನ್ನೊಬ್ಬನಿಗೆ ಬರೀ ಶೇಂಗಾ ಚಾಕಲೇಟು ತಿನ್ನಿಸುವುದು, ಆಮೇಲೆ ಸಾವಳಗಿಯ ಕಣದಲ್ಲಿ ಕಾದಾಡಿಸುವುದು. ಯಾರು ಚಿತ್ ಆಗುತ್ತಾನೋ ಅವನು ತಿಂದ ಚಾಕಲೇಟು ಸೋತಂತೆ. ಕೋಳಿ ಜೂಜು ಆಡುವವರೂ ಕೋಳಿಗೆ ಹೊಟ್ಟೆ ತುಂಬ ಕಾಳು ಹಾಕಿ ಬಿಡುತ್ತಾರೆ ಸ್ವಾಮಿ.

ನಿಮ್ಮ ಕಣ್ಣು ಬಿದ್ದದ್ದು ನಮ್ಮ ಓಣಿಯ ಗರಡಿಯ ಮೇಲೆ. ಅಲ್ಲಿ ನನ್ನ ಮಗ ವೃಷಭ ಮತ್ತು ಕುರಿ ಕಾಯುವ ಮನೆಯ ಲಗಮಣ್ಣ ಮೀಸೆ ಮೂಡುವ ಮೊದಲಿನಿಂದ ಜೋಡಿ. ಒಬ್ಬನು ಹಿಡಿಯುವುದು, ಇನ್ನೊಬ್ಬನು ಬಿಡಿಸಿಕೊಳ್ಳುವುದು, ಮತ್ತೆ ಅದಲುಬದಲು. ನಮ್ಮ ಗರಡಿಯಲ್ಲಿ ಒಂದು ರೀತಿಯಿದೆ. ಒಂದೇ ಮಣ್ಣಿನಲ್ಲಿ ಹೊರಳಿ ಬೆಳೆದ ಜೋಡಿಯನ್ನು ಹೊರಗಿನ ಕಣದಲ್ಲಿ ಎದುರುಬದರು ಬಿಡುವುದಿಲ್ಲ. ಅವರಿಗೆ ಪರಸ್ಪರರ ಮೈ ಬಾಯಿಪಾಠವಾಗಿರುತ್ತದೆ. ಎದುರಿನವನು ಇಂಥ ಪಟ್ಟಿಗೆ ಹೀಗೇ ತಪ್ಪಿಸಿಕೊಳ್ಳುತ್ತಾನೆ ಎಂಬ ಭರವಸೆಯಲ್ಲಿ ಕೈ ತಡೆಯದೆ ಬಲ ಹಾಕುತ್ತಾರೆ. ಅವನು ತಪ್ಪಿಸಿಕೊಳ್ಳದಿದ್ದರೆ ಕೆಟ್ಟಿತು. ಕುಸ್ತಿ ಕಲಿಸುವ ವಸ್ತಾದ ಗಿರಿಮಲ್ಲಪ್ಪ ನಿಮ್ಮೆದುರು ರುಮಾಲು ತೆಗೆದು ನಿಂತು ಇದನ್ನೇ ಹೇಳಿದ. “ಸಾಹೇಬ್ರ, ಇವು ಜೋಡಿ ಹುಡುಗೂರು. ಬ್ಯಾರೆ ಗರಡಿಯಂವನ್ನ ಕರ್ಕೊಂಡ ಬರ್ರಿ, ಇಬ್ಬರಾಗ ಯಾರನ್ನ ಅಂತೀರಿ ಅವನ್ನ ಇಳಸ್ತೇನಿ. ಇವರಿಬ್ಬರನ್ನ ಒಬ್ಬರ ಮ್ಯಾಲ ಒಬ್ಬರನ್ನ ಬಿಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.” ಅದಕ್ಕೆ ನಿಮ್ಮ ಉತ್ತರ ನನಗೆ ಅಕ್ಷರಶಃ ನೆನಪಿದೆ. “ಒಂದೇ ವಯಸ್ಸು, ಒಂದೇ ತೂಕ, ಒಂದೇ ತಾಲೀಮು. ಶಾಸ್ತ್ರಕ್ಕೆ ಇಂಥವರೇ ಬೇಕು. ಅಂದಹಾಗೆ ಈ ಗರಡಿ ಸರಕಾರಿ ಜಾಗದಲ್ಲಿದೆಯಲ್ಲವೆ?” ಗಿರಿಮಲ್ಲಪ್ಪ ರುಮಾಲು ಸುತ್ತಿಕೊಂಡು ಹಿಂದೆ ಸರಿದ. ಹುಡುಗರಿಬ್ಬರೂ ಗರಡಿ ಉಳಿಯಲಿ ಎಂದು ಒಪ್ಪಿದರು.

ಆಮೇಲೆ ನಿಮ್ಮ ಗುಮಾಸ್ತ ಎರಡೂ ಮನೆಗೆ ಚಾಕಲೇಟಿನ ಪೆಟ್ಟಿಗೆ ಹೊತ್ತು ಬಂದ, ವೃಷಭನಿಗೆ ಹಾಲಿನದು, ಲಗಮಣ್ಣನಿಗೆ ಶೇಂಗಾದ್ದು. ರೊಟ್ಟಿ ಬಂದ್, ಪಲ್ಯ ಬಂದ್, ಹಾಲು ಬಂದ್. ಚಾಕಲೇಟು ಮತ್ತು ನೀರು, ಅಷ್ಟೇ. ಇಲ್ಲವಾದರೆ ಯಾವುದರ ಶಕ್ತಿ ಯಾವುದೆಂದು ಗೊತ್ತಾಗುವುದಿಲ್ಲವಂತೆ. ಕತ್ತಲಾದ ಮೇಲೂ ಒಂದು ಸಲ ತಿನ್ನಬೇಕು ಎಂದು ಅವನು ಹಟ ಹಿಡಿದಾಗ ವೃಷಭ ಹಲ್ಲು ಕಚ್ಚಿ ಕೂತ. “ನಮ್ಮಲ್ಲಿ ಹೊತ್ತು ಮುಳುಗಿದಮ್ಯಾಲ ನೀರೂ ಮುಟ್ಟಂಗಿಲ್ರಿ,” ಎಂದೆ ನಾನು. ಶಾಸ್ತ್ರಕ್ಕೆ ಧರ್ಮ ಅಡ್ಡಿ ಎಂದು ಗೊಣಗಿಕೊಂಡು ಹೋದ. ಈಗ ಒಂದು ಮಾತನ್ನು ಊರೆಲ್ಲ ಕೇಳುವಂತೆ ಹೇಳುತ್ತೇನೆ, ನಾಚಿಕೆಯೇನಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ನಿಲ್ಲಲಿಲ್ಲ. ಶಾಂತವ್ವ ನಿಮ್ಮ ಗುಮಾಸ್ತನನ್ನು ಕಟ್ಟೆಯ ಮೇಲೆ ಕೂರಿಸಿ ಮಸಾಲಿ ಮಜ್ಜಿಗೆ ಕೊಟ್ಟು, ಅಡುಗೆಮನೆಯಲ್ಲಿ ಮಗನಿಗೆ ಬಿಸಿ ರೊಟ್ಟಿ, ಬೆಣ್ಣೆ, ಕಾಳಿನ ಪಲ್ಯ ಹಾಕಿದಳು. ಹೆತ್ತವಳು ಅವಳು. ಇಡೀ ಆಳಿನ ಹೊಟ್ಟೆಯನ್ನು ಮಿಠಾಯಿಯಿಂದ ತುಂಬಬಹುದೆಂದು ನಂಬಲು ಅವಳಿಗೇನು ಹುಚ್ಚೆ?

ಲಗಮಣ್ಣನ ಮನೆಯಲ್ಲಿ ಹಾಗಾಗಲಿಲ್ಲ. ಯಾಕೆಂದರೆ ಅಲ್ಲಿ ನಿಮ್ಮ ಗುಮಾಸ್ತ ಜಾಣತನ ಮಾಡಿದ. ಅವರು ಬೀರೇಶ್ವರನ ಒಕ್ಕಲು. ಭಂಡಾರ ಮುಟ್ಟಿ ಆಡಿದ ಮಾತನ್ನು ತಲೆ ಹೋದರೂ ಮುರಿಯುವ ಜನವಲ್ಲ. ಅವನ ತಾಯಿ ಹೊಳೆವ್ವನ ಕೈಗೆ ದೇವರ ಅರಿಶಿನ ಕೊಟ್ಟು, ಚಾಕಲೇಟು ಬಿಟ್ಟು ಬೇರೇನೂ ಹಾಕುವುದಿಲ್ಲ ಎಂದು ಆಣೆ ಮಾಡಿಸಿಕೊಂಡ. ಹೊಳೆವ್ವ ಆಣೆ ಉಳಿಸಿಕೊಂಡಳು. ಮೊದಮೊದಲು ಲಗಮಣ್ಣ ಖುಷಿಯಾಗಿದ್ದ, ಗರಡಿಯಲ್ಲಿ ಎಲ್ಲರಿಗೂ ಮೂಸಿ ನೋಡಲು ಕಾಗದ ಕೊಡುತ್ತಿದ್ದ. ಬರಬರುತ್ತ ಬಾಯಲ್ಲಿ ಹುಳಿ ನೀರು, ವಾಂತಿ, ಭೇದಿ. ದಂಡ ಹೊಡೆಯಲು ಬಾಗಿದರೆ ತಲೆ ತಿರುಗಿ ಮಣ್ಣಿಗೆ ಮುಖ ಹಚ್ಚುತ್ತಿದ್ದ. ಹೊಳೆವ್ವ ನಿಮ್ಮ ಮೋಟಾರಿಗೆ ಅಡ್ಡ ನಿಂತದ್ದು ನೆನಪಿದೆಯೆ? “ಯಪ್ಪಾ, ನನ್ನ ಮಗಾ ದಿನದಿನಕ್ಕ ಬತ್ತಾಕತ್ತಾನ. ಒಂದ ರೊಟ್ಟಿ ಕೊಡ್ಲೇನ್ರಿ? ನೀವು ಹೂಂ ಅಂದ್ರ ಆಣಿ ಇಳೀತೈತಿ. ಒಂದ ಮಾತು ಅನ್ರಿ ಸಾಕು,” ಎಂದು ಸೆರಗೊಡ್ಡಿದಳು. ನೀವು ಗಾಜು ಏರಿಸಿಕೊಂಡಿರಿ. ಹೂಂ ಎನ್ನಲು ನಿಮ್ಮ ಗಂಟೇನು ಕರಗುತ್ತಿತ್ತು?

ಸಾವಳಗಿಯ ಕಣದಲ್ಲಿ ಅಂದು ಏನಾಯಿತೆಂದು ನಿಮ್ಮ ವರದಿಯಲ್ಲಿ ಎರಡೇ ಸಾಲು ಇದೆ. ನಾನು ಕಂಡದ್ದನ್ನು ಬರೆಯುತ್ತೇನೆ, ಓದಿರಿ. ಹಲಗಿ ಬಾರಿಸುತ್ತಿದ್ದರು. ಒಂದು ಕಡೆ ಬೆಳ್ಳಿ ಕಾಗದದ ತೋರಣ, ಇನ್ನೊಂದು ಕಡೆ ಹಳದಿ ಕಾಗದದ ತೋರಣ. ಹುಡುಗರಿಬ್ಬರೂ ಮೊದಲು ಸುಮ್ಮನೆ ಕೈ ಕೈ ಕೂಡಿಸಿ ಸುತ್ತು ಹಾಕಿದರು. ಬರಾಬರಿ ಬಿಡಿಸಿಕೊಂಡು ಮನೆಗೆ ಹೋಗಬೇಕೆಂದು ಅವರ ಇರಾದೆ. ಮಂಟಪದಿಂದ ನೀವು ಕೂಗಿದಿರಿ, “ಚಿತ್ ಆಗದೆ ಬಿಡುವಂತಿಲ್ಲ! ಗರಡಿಯ ಜಾಗ ನೆನಪಿರಲಿ!” ಆಗ ವೃಷಭ ಹಿಡಿದ. ಬಲಗೈ ಬೆನ್ನ ಮೇಲಕ್ಕೆ ತಿರುಚುವ ಪಟ್ಟು. ಗರಡಿಯಲ್ಲಿ ಆ ಪಟ್ಟು ಬಿದ್ದಾಗಲೆಲ್ಲ ಲಗಮಣ್ಣ ಹಾವಿನ ಹಾಗೆ ಎಡಕ್ಕೆ ಹೊರಳಿ ಜಾರಿಕೊಳ್ಳುತ್ತಿದ್ದ. ಇಂದೂ ಹೊರಳುತ್ತಾನೆ ಎಂದು ವೃಷಭ ಮೈಭಾರವನ್ನೆಲ್ಲ ಹಾಕಿದ. ಲಗಮಣ್ಣ ಹೊರಳಲಿಲ್ಲ. ಹೊರಳಲು ಆ ಮೈಯಲ್ಲಿ ಏನು ಉಳಿಸಿದ್ದಿರಿ ನೀವು?

ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸಪ್ಪಳ. ಮೊಣಕೈ ಹತ್ತಿರ ಎಲುಬು ಚರ್ಮ ಹರಿದು ಹೊರಗೆ ಬಂತು. ಬಿಳಿಯಾಗಿತ್ತು, ಆಮೇಲೆ ಕೆಂಪಾಯಿತು. ಲಗಮಣ್ಣ ಕೂಗಲಿಲ್ಲ. ಕೂಗಿದವನು ನನ್ನ ಮಗ. ಕೈ ಬಿಟ್ಟು, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತ ಹುಚ್ಚು ಹಿಡಿದವನ ಹಾಗೆ ಕೂಗಿದ. ಆ ಕೂಗಿನ ಮೇಲೆ ನಿಮ್ಮ ದನಿ ಕೇಳಿಸಿತು. “ಹಾಲಿನ ಚಾಕಲೇಟು ವಿಜಯಿ!” ಎಂದಿರಿ. ದೇವರ ಸಾಕ್ಷಿ, ಹಾಗೆಯೇ ಎಂದಿರಿ. ಏಜಂಟ ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಅಲ್ಲಿಂದ ಕಲ್ಲು ಬಿದ್ದವು. ಬೀಳದೆ ಮತ್ತೇನು? ಲಗಮಣ್ಣನ ದಾಯಾದಿಗಳು ಕುರಿ ಕಾಯುವ ಬಡಿಗೆ ಹಿಡಿದು ಮಂಟಪಕ್ಕೆ ನುಗ್ಗಿದರು. ಚಪ್ಪಾಳೆ ತಟ್ಟಿದವನ ಮುಂದಿನ ಹಲ್ಲು ಅವನ ಅಂಗಿಯ ಮೇಲೇ ಉದುರಿದವು. ಪೋಲೀಸರ ಲಾಠಿ ಹೆಂಗಸು ಗಂಡಸು ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕನ ತಲೆ ಒಡೆದು ರಕ್ತ ನನ್ನ ಧೋತರದ ಮೇಲೆ ಚಿಮ್ಮಿತು. ಪೆಟ್ಟಿಗೆಗಳು ಒಡೆದು ಚಾಕಲೇಟು ಕಾಲಡಿಯಲ್ಲಿ ಸಿಕ್ಕು ಕೆಂಪು ಮಣ್ಣಿನಲ್ಲಿ ಕಲಸಿಹೋಯಿತು. ಹಾಲಿನದೋ ಶೇಂಗಾದ್ದೋ ಗುರುತು ಸಿಗಲಿಲ್ಲ. ಹೊಳೆವ್ವ ನೇರ ವೃಷಭನ ಹತ್ತಿರ ಬಂದು ಎರಡೂ ಮುಷ್ಟಿಯಿಂದ ಅವನ ಎದೆಗೆ, ಮುಖಕ್ಕೆ ಗುದ್ದಿದಳು. ಅವನು ಕೈ ಕೆಳಗೆ ಬಿಟ್ಟು ನಿಂತು ಹೊಡೆಸಿಕೊಂಡ. ಮೂಗಿನಿಂದ ರಕ್ತ ಬಂದ ಮೇಲೆ ಅವನ ಕೊರಳಿಗೇ ಜೋತು ಬಿದ್ದು ಅತ್ತಳು. “ಅಂವಾ ಉಪಾಸ ಅದಾನಂತ ನಿನಗ ಗೊತ್ತಿದ್ದಿಲ್ಲೇನೋ ನನ್ನಪ್ಪಾ? ನೀ ಉಂಡ ಬಂದಿದ್ಯೇನೋ?” ಎಂದಳು. ಇಷ್ಟೆಲ್ಲ ನಡೆಯುವಾಗ ನೀವು ಮೇಜಿನ ಅಡಿಯಲ್ಲಿದ್ದಿರಿ.

ಗಾಯ ಕೀವಾಯಿತು. ದವಾಖಾನೆಯಲ್ಲಿ ಜೀವ ಉಳಿಸಬೇಕೆಂದು ಲಗಮಣ್ಣನ ಬಲಗೈಯನ್ನು ಮೊಣಕೈ ಮೇಲಿಂದ ಕತ್ತರಿಸಿದರು. ಈಗ ಅವನು ಕುರಿಯ ತುಪ್ಪಳ ಕತ್ತರಿಸಲಾರ, ಕಂಬಳಿ ತಾನೇ ಹೊದೆಯಲಾರ. ಗರಡಿ ಅವನಿಗೆ ಮುಗಿಯಿತು. ನಿಮಗೇನಾಯಿತು? ನಿಮ್ಮ ವರದಿ ಅಚ್ಚಾಯಿತು. “ಹಾಲಿನ ಚಾಕಲೇಟಿನಿಂದ ಪೋಷಿತನಾದ ಮಲ್ಲನು ಶೇಂಗಾ ಚಾಕಲೇಟಿನ ಮಲ್ಲನ ತೋಳನ್ನು ಭಂಗಿಸಿದ್ದರಿಂದ ಮೊದಲನೆಯದರ ಸ್ನಾಯುವರ್ಧಕ ಗುಣ ಸಂಶಯಾತೀತವಾಗಿ ಸಿದ್ಧವಾಗಿದೆ.” ಆಹಾ, ಎಂಥ ಸಂಸ್ಕೃತ! ಆ ಸ್ನಾಯುವಿನಲ್ಲಿ ಇದ್ದದ್ದು ಶಾಂತವ್ವ ತಟ್ಟಿದ ಜೋಳದ ರೊಟ್ಟಿ ಸ್ವಾಮಿ. ಭಂಗವಾದ ತೋಳಿನಲ್ಲಿ ಇದ್ದದ್ದು ನಿಮ್ಮ ಉಪವಾಸ. ಅದಲುಬದಲಾಗಿದ್ದರೆ, ಹಾಲಿನ ಚಾಕಲೇಟು ತಿಂದವನು ಆಣೆ ಪಾಲಿಸಿ ಶೇಂಗಾದವನು ರೊಟ್ಟಿ ತಿಂದಿದ್ದರೆ, ಇಂದು ಕೈಯಿಲ್ಲದವನು ನನ್ನ ಮಗ. ಆಗ ನೀವು ಶೇಂಗಾದ ಗುಣಗಾನ ಅಚ್ಚು ಹಾಕಿಸುತ್ತಿದ್ದಿರಿ.

ಅದನ್ನೂ ಬಿಟ್ಟಿಲ್ಲ ನೀವು. ಶೇಂಗಾ ಚಾಕಲೇಟಿನ ಕಂಪನಿ ತಕರಾರು ಮಾಡಿತಂತೆ. ಪರೀಕ್ಷೆ ಪಕ್ಷಪಾತವಾಯಿತು, ಅದೇ ಗೆದ್ದ ಪೈಲವಾನನಿಗೆ ನಮ್ಮ ಚಾಕಲೇಟು ತಿನ್ನಿಸಿ ನೋಡಿ ಎಂದಿತಂತೆ. ನ್ಯಾಯಮೂರ್ತಿಗಳಾದ ನೀವು ಒಪ್ಪಿದಿರಿ. ಈ ಸಲ ವೃಷಭನಿಗೆ ಹಳದಿ ಕಾಗದ, ಲೋಕಾಪುರದ ಪೈಲವಾನ ಸಾಬಣ್ಣನಿಗೆ ಬೆಳ್ಳಿ ಕಾಗದ. ಬರದಿದ್ದರೆ ಗರಡಿಗೆ ಬೀಗ ಎಂದು ಮತ್ತೆ ಅದೇ ಹುಕುಂ. ಒಂದು ತೋಳು ಮುರಿದು ಅನ್ಯಾಯವಾಯಿತು, ಆದ್ದರಿಂದ ಇನ್ನೊಂದು ತೋಳು ಮುರಿದು ಸರಿದೂಗಿಸೋಣ ಎಂಬ ಲೆಕ್ಕವನ್ನು ನಿಮಗೆ ಯಾವ ಸಾಲೆಯಲ್ಲಿ ಕಲಿಸಿದರು?

ಹುಕುಂ ಬಂದ ದಿನವೇ ವೃಷಭ ರೊಟ್ಟಿ ಬಿಟ್ಟ. ತಾಯಿ ತಾಟು ಮುಂದಿಟ್ಟರೆ ಒಂದು ತುತ್ತು ಬಾಯಿಗೆ ಹಾಕಿ ಸರಿಸುತ್ತಾನೆ. ನಾನು ಬೈದೆ, ಬೇಡಿಕೊಂಡೆ, ಕೋಣೆಗೆ ಹಾಕಿ ಬಾಗಿಲು ಹಾಕಲು ಹೋದೆ. ಎತ್ತಿನಂಥ ಮಗ, ಬಾಗಿಲನ್ನು ಒಂದು ಬೆರಳಿನಿಂದ ತಡೆದು ನಿಂತ. ಶಾಂತವ್ವ ಅವನ ಕಾಲು ಹಿಡಿದಳು. “ಸಾಬಣ್ಣಂಗೂ ಇದ ಪಟ್ಟು ಬರ್ತೈತಿ ಬೇ ಯವ್ವಾ,” ಎಂದ ಅವನು. “ಅಂವಾ ಹಿಡೀತಾನ. ನಾ ಬಿಡಿಸ್ಕೊಳ್ಳಂಗಿಲ್ಲ. ಲಗಮಣ್ಣಗ ಇಲ್ಲದ ಕೈ ನನಗ್ಯಾಕ ಬೇಕು? ಗರಡೀನೂ ಉಳೀತೈತಿ, ಅವನ ಋಣಾನೂ ತೀರತೈತಿ.” ತಾಯಿಯ ಎದುರು ಹೀಗೆ ಹೇಳುವ ಮಗನನ್ನು ನಾನು ಹೇಗೆ ಕಟ್ಟಿ ಹಾಕಲಿ? ಕುತ್ತಿಗೆಗೆ ಹಗ್ಗ ಹಾಕಲೇ? ಲಗಮಣ್ಣನೇ ನಮ್ಮ ಮನೆಗೆ ಬಂದು, ಉಳಿದ ಒಂದು ಕೈಯಿಂದ ಅವನ ಕಪಾಳಕ್ಕೆ ಹೊಡೆದ. “ನನ್ನ ಕೈ ಹೋದದ್ದ ಸಾಕಾಗಿಲ್ಲೇನಲೇ ನಿನಗ? ಇನ್ನ ಯಾರ ಕೈ ನೋಡಿ ನಾ ಖುಷಿ ಪಡ್ಲಿ?” ಎಂದು ಬೈದ. ವೃಷಭ ಅವನ ಮುಖ ನೋಡಲಿಲ್ಲ.

ಎರಡು ಚಾಕಲೇಟುಗಳ ಪೌಷ್ಟಿಕತೆಯ ವಿಷಯವಾಗಿ ಜನರ ಅಭಿಪ್ರಾಯ ಬೇಕೆಂದು ನಿಮ್ಮ ಪ್ರಕಟಣೆಯಲ್ಲಿ ಕೇಳಿದ್ದೀರಿ. ಇದೋ ನನ್ನ ಅಭಿಪ್ರಾಯ. ಎರಡೂ ತಿನ್ನಲು ರುಚಿಯಾಗಿವೆ. ಎರಡೂ ಊಟಕ್ಕೆ ಬದಲಾಗುವುದಿಲ್ಲ. ಮಕ್ಕಳ ಕೈಯಲ್ಲಿ ಯಾವುದನ್ನಿಟ್ಟರೂ ನಗುತ್ತವೆ, ಹೆಚ್ಚು ತಿಂದರೆ ಹೊಟ್ಟೆ ಕೆಡಿಸಿಕೊಳ್ಳುತ್ತವೆ. ನಿಮಗೆ ಬೇಕಿದ್ದರೆ ಚೀಟಿ ಎತ್ತಿ ಒಂದನ್ನು ಆರಿಸಿರಿ, ಇಲ್ಲವೆ ಅರ್ಧರ್ಧ ಕೊಳ್ಳಿರಿ, ಇಲ್ಲವೆ ಹಳೆಯ ಪೇಢೆಯನ್ನೇ ಹಂಚಿರಿ. ಇದಕ್ಕೆ ಮನುಷ್ಯನ ಎಲುಬು ಬೇಡ. ಬೇಕೇ ಬೇಕು ಅನ್ನುವಿರಾದರೆ ನಿಮ್ಮ ಎಲುಬು ತೆಗೆದುಕೊಂಡು ಬನ್ನಿ. ಒಂದು ವಾರ ಹಳದಿ ಕಾಗದ, ಒಂದು ವಾರ ಬೆಳ್ಳಿ ಕಾಗದ ಮೆದ್ದು ನೀವೇ ಕಣಕ್ಕಿಳಿಯಿರಿ. ಎದುರಿಗೆ ನಾನು ಇಳಿಯುತ್ತೇನೆ. ಹುಟ್ಟಿದಾಗಿನಿಂದ ಇರುವೆ ಕೊಲ್ಲದ ಕೈ ಇದು, ಆದರೆ ನಿಮ್ಮ ಮೇಲೆ ಇದಕ್ಕೆ ಕರುಣೆ ಉಳಿದಿಲ್ಲ.

ನನಗೆ ಬೇಕಾದದ್ದು ಇಷ್ಟು. ಲೋಕಾಪುರದ ಕುಸ್ತಿ ರದ್ದಾಯಿತು, ಗರಡಿಯ ತಂಟೆಗೆ ಬರುವುದಿಲ್ಲ ಎಂದು ನೀವೇ ಸಹಿ ಹಾಕಿದ ಹುಕುಂ ಭಾನುವಾರ ಹೊತ್ತು ಮುಳುಗುವುದರೊಳಗೆ ನಮ್ಮ ಚಾವಡಿಗೆ ಬರಬೇಕು. ಸಾವಳಗಿಯ ವರದಿಯನ್ನು ಹಿಂದಕ್ಕೆ ಪಡೆದು, ಲಗಮಣ್ಣ ಉಪವಾಸದಿಂದ ಸೋತ ಎಂದು ಅಚ್ಚು ಹಾಕಿಸಬೇಕು. ಕ್ಷಮೆ ಕೇಳಿ ಎನ್ನುವುದಿಲ್ಲ. ನಿಮ್ಮ ಕ್ಷಮೆಯಿಂದ ಹೊಳೆವ್ವನ ಒಲೆಯೂ ಉರಿಯುವುದಿಲ್ಲ.

ತಡ ಮಾಡಬೇಡಿ. ವೃಷಭ ದಿನಾ ಗರಡಿಗೆ ಹೋಗುತ್ತಾನೆ. ಎಳೆಯ ಪೈಲವಾನರನ್ನು ಕರೆದು ತನ್ನ ಬಲಗೈಗೆ ಅದೇ ಪಟ್ಟು ಹಾಕಿಸಿಕೊಂಡು, ತಪ್ಪಿಸಿಕೊಳ್ಳದೆ ಇರುವುದನ್ನು ಅಭ್ಯಾಸ ಮಾಡುತ್ತಿದ್ದಾನೆ. ವರ್ಷಗಟ್ಟಲೆ ಕಲಿತ ಮೈ, ಅವನು ಬೇಡವೆಂದರೂ ಎಡಕ್ಕೆ ಹೊರಳಿಬಿಡುತ್ತಿತ್ತು. ಹೊರಳಿದಾಗಲೆಲ್ಲ ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ, ಬಾಗಿಲಲ್ಲಿ ಕೂತ ನನಗೆ ಜೀವ ಬರುತ್ತಿತ್ತು. ಕಣದ ಅಂಚಿನಲ್ಲಿ ನಿಂತ ಲಗಮಣ್ಣ “ಹೊರಳಲೇ! ಹೊರಳೋ!” ಎಂದು ಗಂಟಲು ಹರಿಯುವಂತೆ ಕೂಗುತ್ತಿರುತ್ತಾನೆ. ನಿನ್ನೆ ಸಂಜೆ ಅವನು ಎಷ್ಟು ಕೂಗಿದರೂ ನನ್ನ ಮಗ ಹೊರಳಲಿಲ್ಲ.

ಇಂತಿ,
ನಿಮ್ಮ ವರದಿಯ ಪ್ರಕಾರ ಗೆದ್ದ ಹುಡುಗನ ತಂದೆ,
ಆದಪ್ಪ
ಬೆಲ್ಲ ಶೇಂಗಾ ವ್ಯಾಪಾರಿ, ತೇರದಾಳ